ಹಿಂದಿನಿಂದ ಗರಗರ: ಡಿಫರೆನ್ಷಿಯಲ್ ಬದಲಿಸುವ ಮೊದಲು

ಪ್ರಶ್ನೆ: ನನ್ನದು ಒಂಬತ್ತು ವರ್ಷ ಹಳೆಯ, ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರ್. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಇಂಜಿನ್, ಗೇರ್‌ಬಾಕ್ಸ್ ಮುಂದೆ, ಎಳೆತ ಹಿಂದಿನ ಚಕ್ರಗಳಿಗೆ. ಆರು ಗೇರ್ ಮ್ಯಾನ್ಯುಯಲ್, ಕ್ಲಚ್ ಪ್ಲೇಟ್ ಇರುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್. ಹಿಂದಿನ ಟೈರ್ 255/40 ಆರ್18. 74,000 ಕಿ.ಮೀ. ಆಗಿದೆ. ನಾಲ್ಕು ತಿಂಗಳಿಂದ ಹಿಂದಿನಿಂದ ಬೀಸುಕಲ್ಲು ತಿರುಗಿದ ಹಾಗೆ ಗರಗರ ಸದ್ದು. 50ರ ವೇಗಕ್ಕೆ ಶುರುವಾಗಿ 80-90ಕ್ಕೆ ಜೋರಾಗುತ್ತದೆ. ಬಲಕ್ಕೆ ತಿರುಗಿದರೆ ಇನ್ನೂ ಜಾಸ್ತಿ. ಮೊದಲು ಹಿಂದಿನ ಬ್ರೇಕ್ ಪ್ಯಾಡ್, ಡಿಸ್ಕ್ ಬದಲಿಸಿದರು. ಹೋಗಲಿಲ್ಲ. ಆಮೇಲೆ ಎಡ ಹಿಂದಿನ ವೀಲ್ ಬೇರಿಂಗ್ ಬದಲಿಸಿದರು. ಆಗಲೂ ಹೋಗಲಿಲ್ಲ. ಇದರ ಜೊತೆ, ಪಾರ್ಕಿಂಗ್‌ನಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಹೋದರೆ ಹಿಂದೆ ಗಡಗಡ ಅದುರುತ್ತದೆ. ಕಳೆದ ವರ್ಷ ಡಿಫರೆನ್ಷಿಯಲ್ ಎಣ್ಣೆ ಬದಲಿಸಿದ ಮೇಲೆ ಅದು ಶುರುವಾದ ನೆನಪು. ಈಗ ಇಡೀ ಡಿಫರೆನ್ಷಿಯಲ್ ಬದಲಿಸೋಣ ಅನ್ನುತ್ತಿದ್ದಾರೆ. ಒಪ್ಪಲೇ?

ಉತ್ತರ: ಒಪ್ಪಬೇಡಿ. ಸದ್ಯಕ್ಕಂತೂ ಬೇಡ.

ಡಿಫರೆನ್ಷಿಯಲ್ ಅಂದರೆ ಎಳೆತವನ್ನು ಎರಡು ಹಿಂದಿನ ಚಕ್ರಗಳಿಗೆ ಹಂಚಿ, ತಿರುವಿನಲ್ಲಿ ಅವು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆ. ಅದು ಚೆನ್ನಾಗಿದೆ ಅಂತ ನಾನು ಹೇಳುತ್ತಿಲ್ಲ. ಅದು ಕೆಟ್ಟಿದೆ ಅಂತ ಇನ್ನೂ ಯಾರೂ ತೋರಿಸಿಲ್ಲ, ಅಷ್ಟೇ. ಪ್ಯಾಡ್ ಬದಲಿಸಿದರು, ಡಿಸ್ಕ್ ಬದಲಿಸಿದರು, ಬೇರಿಂಗ್ ಬದಲಿಸಿದರು, ಈಗ ಉಳಿದಿರುವುದು ಡಿಫರೆನ್ಷಿಯಲ್. ಇದು ಪತ್ತೆ ಹಚ್ಚುವ ಕೆಲಸ ಅಲ್ಲ, ಒಂದಾದ ಮೇಲೊಂದು ಬಿಚ್ಚಿ ಅದೃಷ್ಟ ನೋಡುವ ಕೆಲಸ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಒಂದು ಕಂಪ್ಲೇಂಟ್ ಬರೆದಿದ್ದೀರಿ, ಆದರೆ ಅದರಲ್ಲಿ ಇರುವುದು ಎರಡು. ವೇಗಕ್ಕೆ ತಕ್ಕಂತೆ ಏರುವ ಗರಗರ ಒಂದು. ನಿಧಾನಕ್ಕೆ ಬಿಗಿಯಾಗಿ ತಿರುಗುವಾಗ ಬರುವ ಗಡಗಡ ಇನ್ನೊಂದು. ಎರಡೂ ಹಿಂದಿನಿಂದಲೇ ಬರುತ್ತವೆ ಅನ್ನುವ ಕಾರಣಕ್ಕೆ ಒಂದೇ ರೋಗ ಅಂದುಕೊಂಡಿದ್ದೀರಿ. ಗ್ಯಾರೇಜ್‌ನವರೂ ಗಡಗಡ ಕೇಳಿದ ತಕ್ಷಣ ಡಿಫರೆನ್ಷಿಯಲ್ ಕಡೆ ಬೆರಳು ತೋರಿಸಿರಬೇಕು. ಗಡಗಡಕ್ಕೆ ಅವರು ತೋರಿಸಿದ ಜಾಗ ಸರಿಯೇ. ಆದರೆ ಅದರ ಮದ್ದು ಬಹಳ ಸಣ್ಣದು. ಅದನ್ನು ಕೊನೆಗೆ ಹೇಳುತ್ತೇನೆ. ಮೊದಲು ಗರಗರ ನೋಡೋಣ.

ಸದ್ದು ಹುಡುಕುವಾಗ ಎಲ್ಲರೂ ಮಾಡುವ ತಪ್ಪು ಎಂದರೆ ಅದು ಎಲ್ಲಿಂದ ಬರುತ್ತಿದೆ ಅಂತ ಕಿವಿಗೊಡುವುದು. ಕಿವಿ ಇಲ್ಲಿ ಸುಳ್ಳು ಹೇಳುತ್ತದೆ. ಹಿಂದಿನ ಎರಡೂ ಹಬ್ (ಚಕ್ರ ಕೂರುವ ಮಧ್ಯದ ಭಾಗ), ಡಿಫರೆನ್ಷಿಯಲ್, ಸಸ್ಪೆನ್ಷನ್ ತೋಳುಗಳು ಎಲ್ಲ ಸಬ್‌ಫ್ರೇಮ್ ಅನ್ನುವ ಒಂದೇ ಚೌಕಟ್ಟಿಗೆ ಕೂತಿರುತ್ತವೆ. ಎಡ ಹಬ್‌ನಲ್ಲಿ ಹುಟ್ಟಿದ ಸದ್ದು ಆ ಕಬ್ಬಿಣದಲ್ಲೇ ಹರಿದು ಬಲಗಡೆ ಸೀಟಿನ ಕೆಳಗೆ ಏಳಬಹುದು. ಮಾಜ್ದಾ ಎಂಎಕ್ಸ್-5 ಅಂಥ ಕಾರಿನಲ್ಲಿ ಗೇರ್‌ಬಾಕ್ಸ್‌ನಿಂದ ಡಿಫರೆನ್ಷಿಯಲ್‌ವರೆಗೆ ಉದ್ದಕ್ಕೂ ಒಂದು ಅಲ್ಯೂಮಿನಿಯಂ ಫ್ರೇಮ್ ಇದೆ. ಅಲ್ಲಿ ಹಿಂದಿನ ಸದ್ದು ಗೇರ್ ಲಿವರ್ ಹತ್ತಿರ ಕೇಳಿಸಿದರೂ ಆಶ್ಚರ್ಯವಿಲ್ಲ. ಹಿಂದಿನ ಸೀಟಿನಲ್ಲಿ ಬಗ್ಗಿ ಕೂತು, ಬಲಗಡೆಯದೇ ಅಂತ ಆಣೆ ಮಾಡಿ ಹೇಳಿ, ಬಲ ಬೇರಿಂಗ್ ಬದಲಿಸಿ, ಕೊನೆಗೆ ಎಡಗಡೆಯದು ಅಂತ ಗೊತ್ತಾಗಿ ನಾನೇ ಪೆಚ್ಚಾಗಿದ್ದೇನೆ.

ಅದಕ್ಕೇ ಈಗ ಜಾಗ ಕೇಳುವುದನ್ನು ಬಿಟ್ಟಿದ್ದೇನೆ. ಸದ್ದು ಯಾವುದರ ಜೊತೆ ಬದಲಾಗುತ್ತದೆ ಅಂತ ಕೇಳುತ್ತೇನೆ. ಇಂಜಿನ್ ಸುತ್ತಿನ ಜೊತೆಯೋ, ರಸ್ತೆ ವೇಗದ ಜೊತೆಯೋ, ಆಕ್ಸಿಲರೇಟರ್ ಜೊತೆಯೋ, ತಿರುವಿನ ಜೊತೆಯೋ, ಬ್ರೇಕ್ ಜೊತೆಯೋ, ರಸ್ತೆಯ ಮೈ ಜೊತೆಯೋ? ಈ ಆರಕ್ಕೆ ಉತ್ತರ ಸಿಕ್ಕರೆ ಒಂದು ಸ್ಪ್ಯಾನರ್ ಕೂಡ ಹಿಡಿಯದೆ ಮುಕ್ಕಾಲು ಕೆಲಸ ಮುಗಿಯುತ್ತದೆ.

ಖಾಲಿ, ನೇರ, ನುಣುಪಾದ ರಸ್ತೆ ನೋಡಿಕೊಳ್ಳಿ. ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಳ್ಳಿ, ಬರೆದುಕೊಳ್ಳುವುದು ಅವರ ಕೆಲಸ. 80ಕ್ಕೆ ಹೋಗಿ. ಅದೇ ವೇಗವನ್ನು ಒಮ್ಮೆ ನಾಲ್ಕನೇ ಗೇರ್‌ನಲ್ಲಿ, ಒಮ್ಮೆ ಐದರಲ್ಲಿ, ಒಮ್ಮೆ ಆರರಲ್ಲಿ ಹಿಡಿಯಿರಿ. ಇಂಜಿನ್ ಸುತ್ತು ಬದಲಾಗುತ್ತದೆ, ರಸ್ತೆ ವೇಗ ಬದಲಾಗುವುದಿಲ್ಲ. ಗರಗರ ಹಾಗೇ ಇದ್ದರೆ ಇಂಜಿನ್, ಕ್ಲಚ್, ಎಕ್ಸಾಸ್ಟ್ ಪೈಪ್, ಅದರ ಮೇಲಿನ ತಗಡು, ಇವನ್ನೆಲ್ಲ ಬಿಟ್ಟುಬಿಡಿ. ಆಮೇಲೆ ನ್ಯೂಟ್ರಲ್‌ಗೆ ಹಾಕಿ ತೇಲಲು ಬಿಡಿ. ಇಂಜಿನ್ ಮಾತ್ರ ಆಫ್ ಮಾಡಬೇಡಿ, ಬ್ರೇಕ್ ಮತ್ತು ಸ್ಟೇರಿಂಗ್‌ನ ಸಹಾಯ ಹೋಗುತ್ತದೆ. ನ್ಯೂಟ್ರಲ್‌ನಲ್ಲೂ ಗರಗರ ಅಷ್ಟೇ ಇದೆಯಾ? ಹಾಗಾದರೆ ಅದು ಗೇರ್‌ಬಾಕ್ಸ್‌ನಿಂದ ಹಿಂದಕ್ಕೆ ಹೋದ ಶಾಫ್ಟ್‌ನಿಂದ ಟೈರ್‌ವರೆಗಿನ ಯಾವುದೋ ಒಂದು. ನಿಮ್ಮ ಕಾರಿನಲ್ಲಿ ಗೇರ್‌ಬಾಕ್ಸ್ ಮುಂದೆ ಇರುವುದರಿಂದ ಈ ಲೆಕ್ಕ ಸಲೀಸು. 1997ರ ನಂತರದ ಕಾರ್ವೆಟ್, ನಿಸ್ಸಾನ್ ಜಿಟಿ-ಆರ್ ಅಂಥವುಗಳಲ್ಲಿ ಗೇರ್‌ಬಾಕ್ಸೇ ಹಿಂದೆ ಕೂತಿರುತ್ತದೆ. ಅಲ್ಲಿ ‘ಹಿಂದಿನ ಸದ್ದು’ ಅನ್ನುವ ಮಾತಿಗೆ ಅರ್ಥವೇ ಬೇರೆ.

ಈಗ ಆಕ್ಸಿಲರೇಟರ್. ಇದು ಡಿಫರೆನ್ಷಿಯಲ್‌ನ ನಾಡಿ ನೋಡುವ ಪರೀಕ್ಷೆ. 80ರಲ್ಲಿ ಸ್ವಲ್ಪ ಒತ್ತಿ ಎಳೆಸಿ. ಆಮೇಲೆ ಕಾರ್ ಎಳೆಯದೆ, ಹಿಡಿಯದೆ ತೇಲುವಷ್ಟು ಮಾತ್ರ ಒತ್ತಿ. ಆಮೇಲೆ ಗೇರ್‌ನಲ್ಲೇ ಇದ್ದು ಕಾಲು ಪೂರ್ತಿ ತೆಗೆಯಿರಿ. ಡಿಫರೆನ್ಷಿಯಲ್ ಒಳಗೆ ಕ್ರೌನ್ ಅನ್ನುವ ದೊಡ್ಡ ಗೇರ್, ಅದನ್ನು ತಿರುಗಿಸುವ ಪಿನಿಯನ್ ಅನ್ನುವ ಸಣ್ಣ ಗೇರ್ ಇರುತ್ತವೆ. ಎಳೆಯುವಾಗ ಅವುಗಳ ಹಲ್ಲುಗಳ ಒಂದು ಮುಖ ಉಜ್ಜುತ್ತದೆ, ಕಾಲು ತೆಗೆದಾಗ ಇನ್ನೊಂದು ಮುಖ. ಹಲ್ಲು ಸವೆದಿದ್ದರೆ ಈ ಮೂರು ಸ್ಥಿತಿಗೆ ಮೂರು ಸ್ವರ ಬರುತ್ತದೆ. ಒಂದರಲ್ಲಿ ಕೂಗಿ ಇನ್ನೊಂದರಲ್ಲಿ ಸುಮ್ಮನಾಗುತ್ತದೆ. ಪಿನಿಯನ್ ಬೇರಿಂಗ್ ಹೋಗಿದ್ದರೂ ಎಳೆತಕ್ಕೆ ತಕ್ಕಂತೆ ಗೊರಗುಟ್ಟುವುದು ಏರಿಳಿಯುತ್ತದೆ. ವೀಲ್ ಬೇರಿಂಗ್‌ಗೆ, ಟೈರ್‌ಗೆ ನಿಮ್ಮ ಕಾಲಿನ ಗೊಡವೆ ಇಲ್ಲ. ಎಳೆದರೂ ಅಷ್ಟೇ, ಬಿಟ್ಟರೂ ಅಷ್ಟೇ. ನೀವು ಬರೆದದ್ದರಲ್ಲಿ ಆಕ್ಸಿಲರೇಟರ್ ಬಗ್ಗೆ ಒಂದು ಮಾತೂ ಇಲ್ಲ. ಇಡೀ ಡಿಫರೆನ್ಷಿಯಲ್ ಬದಲಿಸಲು ಹೊರಟವರು ಮೊದಲು ಕೇಳಬೇಕಾದ ಪ್ರಶ್ನೆಯೇ ಇದು, ಅಲ್ವಾ?

ಸದ್ದಿಗೆ ಹೆಸರಿಡುವುದೂ ಮುಖ್ಯ. ನಮ್ಮ ಭಾಷೆಯಲ್ಲಿ ಇದಕ್ಕೆ ಒಳ್ಳೆಯ ಪದಗಳಿವೆ, ಸುಮ್ನೆ ಎಲ್ಲವನ್ನೂ ಗರಗರ ಅನ್ನಬೇಡಿ. ಒಂದೇ ಶ್ರುತಿಯಲ್ಲಿ ಹಾಡಿದ ಹಾಗೆ ಗುಂಯ್ ಅಂದರೆ ಅದು ಹಲ್ಲಿನ ಸದ್ದು. ಒರಟಾಗಿ ಗೊರಗೊರ ಅಂದರೆ ಬೇರಿಂಗ್. ಸರ್, ಸರ್, ಸರ್ ಅಂತ ಬಿಟ್ಟು ಬಿಟ್ಟು ಬಂದರೆ ಸುತ್ತಿಗೊಮ್ಮೆ ಏನೋ ತಾಗುತ್ತಿದೆ. ಕರಕರ ಅಂದರೆ ಕಲ್ಲೋ ತಗಡೋ ಲೋಹಕ್ಕೆ ಸಿಕ್ಕಿಕೊಂಡಿದೆ.

ಹೀಗೆ ಯಾಕೆ ಅಂತ ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ನಿಮ್ಮ 255/40 ಆರ್18 ಟೈರ್‌ನ ಸುತ್ತಳತೆ ಸುಮಾರು 2.08 ಮೀಟರ್. 60ರ ವೇಗದಲ್ಲಿ ಚಕ್ರ ಸೆಕೆಂಡಿಗೆ 8 ಸುತ್ತು ತಿರುಗುತ್ತದೆ. ಡಿಫರೆನ್ಷಿಯಲ್ ಅನುಪಾತ 3.7 ಅಂತ ಇಟ್ಟುಕೊಳ್ಳಿ, ಪಿನಿಯನ್‌ಗೆ 10 ಹಲ್ಲು, ಕ್ರೌನ್‌ಗೆ 37. ಆಗ ಗೇರ್‌ಬಾಕ್ಸ್‌ನಿಂದ ಡಿಫರೆನ್ಷಿಯಲ್‌ಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಸೆಕೆಂಡಿಗೆ ಸುಮಾರು 30 ಸುತ್ತು. ಹಲ್ಲಿಗೆ ಹಲ್ಲು ಕೂಡುವುದು 8 ಗುಣಿಸು 37, ಅಂದರೆ ಸೆಕೆಂಡಿಗೆ 296 ಸಲ. ಸೆಕೆಂಡಿಗೆ 300 ಸಲ ಆಗುವುದನ್ನು ಕಿವಿ ಬಿಡಿ ಬಿಡಿಯಾಗಿ ಕೇಳುವುದಿಲ್ಲ, ಒಂದು ಸ್ವರವಾಗಿ ಕೇಳುತ್ತದೆ. ಬೇರಿಂಗ್‌ನ ಹೊರಬಳೆಯಲ್ಲಿ ಒಂದು ಗುಳಿ ಬಿದ್ದಿದೆ, ಒಂದು ಸಾಲಿನಲ್ಲಿ 14 ಗುಂಡುಗಳಿವೆ ಅಂದರೆ ಅದೇ ವೇಗದಲ್ಲಿ ಸೆಕೆಂಡಿಗೆ ಸುಮಾರು 45 ಏಟು. ಅದು ಸ್ವರವೂ ಅಲ್ಲ, ಬಿಡಿ ಏಟೂ ಅಲ್ಲ, ಎರಡರ ನಡುವಿನ ಗೊರಗೊರ. ಇನ್ನು ಡಿಸ್ಕ್ ಎಲ್ಲೋ ಒಂದು ಕಡೆ ತಾಗುತ್ತಿದ್ದರೆ ಸುತ್ತಿಗೆ ಒಂದೇ ಸಲ. ನಡಿಗೆಗಿಂತ ಸ್ವಲ್ಪ ಜೋರು, 7-8 ಕಿ.ಮೀ. ವೇಗದಲ್ಲಿ, ಅದು ಸೆಕೆಂಡಿಗೆ ಒಂದು. ಕಿಟಕಿ ಇಳಿಸಿ ಗೋಡೆ ಪಕ್ಕ ಹೋದರೆ ಎಣಿಸಬಹುದು.

ಮೊಬೈಲ್‌ನಲ್ಲಿ ಧ್ವನಿಯ ಸ್ಪೆಕ್ಟ್ರಮ್ ತೋರಿಸುವ ಆ್ಯಪ್‌ಗಳು ಸಿಗುತ್ತವೆ. ಪಕ್ಕದಲ್ಲಿ ಕೂತವರು ಅದನ್ನು ಹಿಡಿಯಲಿ. 60ರಲ್ಲಿ 300 ಹರ್ಟ್ಜ್ ಹತ್ತಿರ ಒಂದು ಚೂಪು ಗೆರೆ ಎದ್ದು, 90ಕ್ಕೆ ಹೋದಾಗ ಅದು 445ರ ಹತ್ತಿರ ಸರಿದರೆ, ನಿಮ್ಮ ಗ್ಯಾರೇಜ್‌ನವರು ಹೇಳಿದ್ದು ಸರಿ, ಕ್ರೌನ್-ಪಿನಿಯನ್ ಕೂಗುತ್ತಿದೆ. ಅಲ್ಲಿ ಏನೂ ಇಲ್ಲದೆ ಕೆಳಗಡೆ 40-70ರಲ್ಲಿ ಗುಂಪಾಗಿ ಎದ್ದರೆ ಬೇರಿಂಗ್ ಕಡೆ ಹೋಗಿ. ಕಾರಿನ ನಿಜವಾದ ಅನುಪಾತ, ಹಲ್ಲಿನ ಲೆಕ್ಕ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ನೋಡಿ ಹಾಕಿ, ನನ್ನ 3.7 ಬರೀ ಉದಾಹರಣೆ. ಕ್ಯಾಬಿನ್‌ನಲ್ಲಿ ಇಂಜಿನ್ ಸದ್ದೂ ಸೇರಿರುತ್ತದೆ. ಅದಕ್ಕೆ ಎಳೆಯುವಾಗ ಒಮ್ಮೆ, ನ್ಯೂಟ್ರಲ್‌ನಲ್ಲಿ ಒಮ್ಮೆ ರೆಕಾರ್ಡ್ ಮಾಡಿ ಪಕ್ಕಪಕ್ಕ ಇಟ್ಟು ನೋಡಿ.

ಬಲಕ್ಕೆ ತಿರುಗಿದರೆ ಜಾಸ್ತಿ ಅಂದಿರಿ. ಇದನ್ನು ಕೇಳಿಯೇ ಎಡ ಬೇರಿಂಗ್ ಬದಲಿಸಿದ್ದಾರೆ. ಬಲಕ್ಕೆ ತಿರುಗಿದಾಗ ಕಾರಿನ ಭಾರ ಎಡಕ್ಕೆ ವಾಲುತ್ತದೆ, ಎಡ ಬೇರಿಂಗ್ ಮೇಲೆ ಒತ್ತಡ ಬೀಳುತ್ತದೆ. ಎಲ್ಲ ಮೆಕ್ಯಾನಿಕ್‌ಗಳಿಗೂ ಗೊತ್ತಿರುವ ಸೂತ್ರ ಇದು. ಹೆಚ್ಚಿನ ಸಲ ಸರಿಯೂ ಹೌದು. ಆದರೆ ಈಗಿನ ಹಬ್ ಬೇರಿಂಗ್‌ನಲ್ಲಿ ಗುಂಡುಗಳು ಎರಡು ಸಾಲು ಇರುತ್ತವೆ, ಒಂದು ಒಳಗೆ, ಒಂದು ಹೊರಗೆ. ಬಲಕ್ಕೆ ತಿರುಗುವಾಗ ಬಲ ಚಕ್ರದ ಭಾರ ಕಡಿಮೆಯಾಗುವುದು ನಿಜ. ಆದರೆ ಅದೇ ಹೊತ್ತಿಗೆ ರಸ್ತೆ ಅದನ್ನು ಪಕ್ಕಕ್ಕೆ, ಕಾರಿನಿಂದ ಹೊರಕ್ಕೆ ತಳ್ಳುತ್ತದೆ. ಬಲ ಬೇರಿಂಗ್‌ನ ಒಂದೇ ಸಾಲು ಕೆಟ್ಟಿದ್ದು, ಆ ತಳ್ಳಾಟ ಅದೇ ಸಾಲಿನ ಮೇಲೆ ಬಿದ್ದರೆ, ಬಲ ಬೇರಿಂಗೇ ಬಲ ತಿರುವಿನಲ್ಲಿ ಕೂಗಬಹುದು. ಹಾಗಾಗಿ ಎಡ ಬದಲಿಸಿದರೂ ಸದ್ದು ಒಂದಿಷ್ಟೂ ಬದಲಾಗಲಿಲ್ಲ ಅಂದರೆ ಬೇರಿಂಗ್ ಅಲ್ಲ ಅಂತ ತೀರ್ಮಾನಿಸಬೇಡಿ. ಬಲಗಡೆಯದು ಇನ್ನೂ ಪಟ್ಟಿಯಲ್ಲಿದೆ.

ಹೊಸದಾಗಿ ಹಾಕಿದ ಎಡ ಬೇರಿಂಗ್ ಕೂಡ ಪಟ್ಟಿಯಲ್ಲಿದೆ. ಕೂರಿಸುವಾಗಲೇ ಬೇರಿಂಗ್ ಹಾಳಾಗುವುದು ನಾನು ಕಂಡಷ್ಟು ಅಪರೂಪವೇನಲ್ಲ. ಹೊರಬಳೆಯನ್ನು ಒಳಗೆ ಕೂರಿಸಬೇಕಾದರೆ ಪ್ರೆಸ್‌ನ ಒತ್ತಡ ಹೊರಬಳೆಯ ಮೇಲೇ ಬೀಳಬೇಕು. ಒಳಬಳೆ ಹಿಡಿದು ಒತ್ತಿದರೆ ಟನ್‌ಗಟ್ಟಲೆ ಒತ್ತಡ ಗುಂಡುಗಳ ಮೂಲಕ ಹಾಯುತ್ತದೆ, ಪ್ರತಿ ಗುಂಡೂ ತನ್ನ ಜಾಗದಲ್ಲಿ ಒಂದು ಸಣ್ಣ ಗುಳಿ ಒತ್ತಿ ಬಿಡುತ್ತದೆ. ಹೊಸ ಬೇರಿಂಗ್ ಮೊದಲ ದಿನವೇ ಹಳೆಯದಾಗುತ್ತದೆ. ಹಬ್ ಮಧ್ಯದ ದೊಡ್ಡ ನಟ್ಟನ್ನು ಟಾರ್ಕ್ ರೆಂಚ್ ಹಿಡಿಯದೆ ಗನ್‌ನಲ್ಲಿ ಬಿಗಿದು ಬಿಟ್ಟಿದ್ದರೂ, ನಟ್ ಸಡಿಲ ಇರುವಾಗಲೇ ಕಾರನ್ನು ಕೆಳಗಿಳಿಸಿ ಉರುಳಿಸಿದ್ದರೂ ಇದೇ ಗತಿ. ಹೇಗೆ ಕೂರಿಸಿದಿರಿ ಅಂತ ಜಗಳಕ್ಕೆ ಹೋಗದೆ ಮೆತ್ತಗೆ ಕೇಳಿ ನೋಡಿ.

ಇನ್ನು ಟೈರ್. ಸ್ಪೋರ್ಟ್ಸ್ ಕಾರಿನ ವಿಷಯದಲ್ಲಿ ನನಗೆ ಮೊದಲ ಅನುಮಾನ ಬರುವುದೇ ಇದರ ಮೇಲೆ. ಹಿಂದಿನ ಚಕ್ರಗಳನ್ನು ಮೇಲ್ಭಾಗ ಒಳಕ್ಕೆ ವಾಲುವ ಹಾಗೆ ಕೂರಿಸಿರುತ್ತಾರೆ. ಟೈರ್ ಅಗಲ. ಅಲೈನ್‌ಮೆಂಟ್ ಸ್ವಲ್ಪ ತಪ್ಪಿದರೂ ಒಳ ಅಂಚು ಗರಗಸದ ಹಲ್ಲಿನ ಹಾಗೆ ಸವೆಯುತ್ತದೆ. ಹೊರಗಿನಿಂದ ನೋಡಿದರೆ ಟೈರ್ ಹೊಸದರಂತೆ ಹೊಳೆಯುತ್ತಿರುತ್ತದೆ. ಕೈಯನ್ನು ಹಿಂದಿನಿಂದ ಒಳ ಅಂಚಿಗೆ ಹಾಕಿ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಸವರಿ. ಒಂದು ಕಡೆಗೆ ನಯ, ಇನ್ನೊಂದು ಕಡೆಗೆ ಅಂಗೈಗೆ ಚುಚ್ಚಿದರೆ ಸಿಕ್ಕಿತು. ತಂತಿ ಎದ್ದಿರಬಹುದು, ಹುಷಾರು. ಈ ಸವೆತದ ಸದ್ದು ಬೇರಿಂಗ್ ಸದ್ದಿನ ಅವಳಿ. ಎಷ್ಟೋ ಬೇರಿಂಗ್‌ಗಳು ಟೈರ್ ಮಾಡಿದ ತಪ್ಪಿಗೆ ಕಸದ ಬುಟ್ಟಿ ಸೇರಿವೆ.

ಸಾಮಾನ್ಯ ಕಾರಾದರೆ ಹಿಂದಿನ ಟೈರ್ ಮುಂದೆ ಹಾಕಿ ನೋಡಿ ಅನ್ನುತ್ತಿದ್ದೆ. ಸ್ಪೋರ್ಟ್ಸ್ ಕಾರುಗಳಲ್ಲಿ ಹಿಂದಿನದು ಅಗಲ, ಮುಂದಿನದು ಸಣ್ಣ ಇರುವುದೇ ಹೆಚ್ಚು, ಅದಲು ಬದಲು ನಡೆಯುವುದಿಲ್ಲ. ಅದಕ್ಕೆ ಬೇರೆ ದಾರಿ ಇದೆ. ಹಿಂದಿನ ಎರಡೂ ಟೈರ್‌ಗೆ ಆರೇಳು ಪಿ.ಎಸ್.ಐ. ಗಾಳಿ ಜಾಸ್ತಿ ಹಾಕಿ, ಟೈರ್ ಮೇಲೆ ಬರೆದ ಗರಿಷ್ಠ ಮಿತಿ ಮಾತ್ರ ದಾಟಬೇಡಿ. ಅದೇ ರಸ್ತೆ, ಅದೇ ವೇಗ, ನಿಧಾನಕ್ಕೆ ಓಡಿಸಿ. ಸದ್ದಿನ ಬಣ್ಣ ಬದಲಾದರೆ ಟೈರ್. ಬೇರಿಂಗ್‌ಗೆ ಗಾಳಿ ಎಷ್ಟಿದ್ದರೇನು? ಡಾಂಬರಿನಿಂದ ಕಾಂಕ್ರೀಟ್‌ಗೆ ಹೋದಾಗ ಸದ್ದು ತಟ್ಟನೆ ಬೇರೆಯಾದರೂ ಅದೇ ಅರ್ಥ. ನೋಡಿದ ಮೇಲೆ ಗಾಳಿ ಮೊದಲಿನಷ್ಟಕ್ಕೆ ಇಳಿಸಲು ಮರೆಯಬೇಡಿ.

ಬ್ರೇಕ್ ವಿಷಯಕ್ಕೆ ಒಂದೇ ಮಾತು ಇದೆ, ಆದರೆ ಅದು ಕಹಿ ಅನುಭವದ ಮಾತು. ಕೆಲವು ಕಾರುಗಳಲ್ಲಿ ಹಿಂದಿನ ಡಿಸ್ಕ್‌ನ ಹೊಟ್ಟೆಯೊಳಗೇ ಹ್ಯಾಂಡ್ ಬ್ರೇಕ್‌ನ ಡ್ರಮ್ ಇರುತ್ತದೆ, ಅದರಲ್ಲಿ ಪುಟ್ಟ ಶೂಗಳು. ಒಮ್ಮೆ ಇಂಥದೇ ಗರಗರಕ್ಕೆ ನಾನು ಡಿಫರೆನ್ಷಿಯಲ್ ಇಳಿಸಿ, ಬಿಚ್ಚಿ, ಒಂದೊಂದು ಹಲ್ಲನ್ನೂ ಟಾರ್ಚ್ ಹಿಡಿದು ನೋಡಿದೆ. ಎಲ್ಲ ಕನ್ನಡಿಯ ಹಾಗಿತ್ತು. ಮತ್ತೆ ಕೂರಿಸಿ ಓಡಿಸಿದರೆ ಅದೇ ಸದ್ದು. ಮೂರನೇ ದಿನ ಡಿಸ್ಕ್ ಕಿತ್ತಾಗ ಒಳಗಿನಿಂದ ಅರ್ಧ ಬಳೆಯಂಥ ಒಂದು ತುಂಡು ಕೈಗೆ ಬಿತ್ತು. ಶೂಗೆ ಅಂಟಿಸಿದ್ದ ಲೈನಿಂಗ್ ಬಿಟ್ಟುಕೊಂಡು ಡ್ರಮ್ ಒಳಗೆ ತಿರುಗುತ್ತಿತ್ತು. ಕಾಲಿನ ಬ್ರೇಕ್ ಒತ್ತಿದರೆ ಅದಕ್ಕೆ ಏನೂ ಆಗುವುದಿಲ್ಲ, ಯಾಕೆಂದರೆ ಆ ಶೂಗೂ ಕಾಲಿನ ಬ್ರೇಕ್‌ಗೂ ಸಂಬಂಧವಿಲ್ಲ. ನಾನು ಕಾಲಿನ ಬ್ರೇಕ್ ಒತ್ತಿ ನೋಡಿ, ಬ್ರೇಕ್ ಅಲ್ಲ ಅಂತ ಬರೆದುಕೊಂಡಿದ್ದೆ. ನಿಮ್ಮ ಡಿಸ್ಕ್ ಬದಲಿಸುವಾಗ ಅದರ ಒಳಗೆ ಯಾರಾದರೂ ಇಣುಕಿದರೇ ಅಂತ ಕೇಳಿ. ಡಿಸ್ಕ್ ಹಿಂದೆ ಒಂದು ತೆಳು ತಗಡಿನ ಮುಚ್ಚಳ ಇರುತ್ತದೆ, ಕೆಲಸ ಮಾಡುವಾಗ ಕೈ ತಾಗಿ ಬಗ್ಗುವುದು ಬಹಳ ಸುಲಭ. ಅದನ್ನೂ ನೋಡಿ. ಅದಕ್ಕೂ ಡಿಸ್ಕ್‌ಗೂ ನಡುವೆ ಸಿಕ್ಕ ಒಂದು ಕಡಲೆ ಗಾತ್ರದ ಕಲ್ಲು ಜೀವ ಹೋಗುವ ಹಾಗೆ ಕಿರುಚಬಲ್ಲದು.

ರಸ್ತೆ ಮೇಲಿನ ಪರೀಕ್ಷೆ ಮುಗಿಸಿ ಬಂದಾಗ ಇನ್ನೊಂದು ಕೆಲಸ. ಇಪ್ಪತ್ತು ಕಿ.ಮೀ. ಓಡಿಸಿ, ಕೊನೆಯ ಎರಡು ಕಿ.ಮೀ. ಬ್ರೇಕ್ ಆದಷ್ಟು ಕಡಿಮೆ ಹಾಕಿ ನಿಲ್ಲಿಸಿ. ದೂರದಿಂದ ಬಿಸಿ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್‌ನಲ್ಲಿ ಎಡ ಹಬ್, ಬಲ ಹಬ್, ಡಿಫರೆನ್ಷಿಯಲ್‌ನ ಮೂತಿ (ಶಾಫ್ಟ್ ಬಂದು ಸೇರುವ ಮುಂದಿನ ತುದಿ) ಮೂರನ್ನೂ ನೋಡಿ. ಎರಡು ಹಬ್‌ಗಳ ಬಿಸಿ ಹೆಚ್ಚುಕಡಿಮೆ ಒಂದೇ ಇರಬೇಕು. ಒಂದು ಮಾತ್ರ ಕೈ ಇಡಲಾಗದಷ್ಟು ಕಾದಿದ್ದರೆ ಆ ಕಡೆ ಬೇರಿಂಗೋ ಬ್ರೇಕೋ ಹಿಡಿಯುತ್ತಿದೆ.

ಆಮೇಲೆ ಕಾರ್ ಎತ್ತಬೇಕು. ಇಲ್ಲಿ ಒಂದು ಎಚ್ಚರಿಕೆ, ದಯವಿಟ್ಟು ಹಗುರವಾಗಿ ತಗೋಬೇಡಿ. ನಿಮ್ಮದು ಲಿಮಿಟೆಡ್ ಸ್ಲಿಪ್, ಅಂದರೆ ಒಂದು ಚಕ್ರ ಸುಮ್ಮನೆ ತಿರುಗಿದರೂ ಇನ್ನೊಂದಕ್ಕೆ ಎಳೆತ ಹೋಗುತ್ತದೆ. ಒಂದೇ ಹಿಂದಿನ ಚಕ್ರ ಎತ್ತಿ ಗೇರ್ ಹಾಕಿದರೆ ನೆಲದ ಮೇಲಿರುವ ಚಕ್ರ ಕಾರನ್ನು ಜಾಕ್‌ನಿಂದ ಕೆಳಕ್ಕೆ ಎಳೆದು ಹಾಕುತ್ತದೆ. ಎರಡೂ ಹಿಂದಿನ ಚಕ್ರ ಎತ್ತಿ, ಜಾಕ್ ಸ್ಟ್ಯಾಂಡ್ ಮೇಲೆ ಕೂರಿಸಿ, ಮುಂದಿನ ಚಕ್ರಗಳಿಗೆ ಅಡ್ಡ ಕೊಟ್ಟೇ ಮುಂದಿನ ಮಾತು. ಬರೀ ಜಾಕ್ ನಂಬಿ ಕೆಳಗೆ ತಲೆ ಹಾಕಬೇಡಿ.

ನ್ಯೂಟ್ರಲ್‌ನಲ್ಲಿ, ಹ್ಯಾಂಡ್ ಬ್ರೇಕ್ ಬಿಟ್ಟು, ಒಂದು ಕೈಯಲ್ಲಿ ಚಕ್ರ ನಿಧಾನಕ್ಕೆ ತಿರುಗಿಸುತ್ತಾ ಇನ್ನೊಂದು ಕೈ ಸಸ್ಪೆನ್ಷನ್ ಸ್ಪ್ರಿಂಗ್ ಮೇಲೆ ಇಡಿ. ಕೆಟ್ಟ ಬೇರಿಂಗ್‌ನ ಒರಟು ಆ ಸ್ಪ್ರಿಂಗ್‌ನಲ್ಲಿ ಜುಮ್ಮೆಂದು ಬೆರಳಿಗೆ ಬರುತ್ತದೆ. ಕಿವಿಗೆ ಕೇಳಿಸದ್ದು ಬೆರಳಿಗೆ ಕೇಳಿಸುತ್ತದೆ. ಚಕ್ರದ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ, ಪ್ಲೇ, ಅಂದರೆ ಸಡಿಲ, ಇದೆಯಾ ನೋಡಿ. ಪ್ಲೇ ಇಲ್ಲ ಅಂದ ಮಾತ್ರಕ್ಕೆ ಬೇರಿಂಗ್ ಚೆನ್ನಾಗಿದೆ ಅಂತಲ್ಲ, ಕೂಗುವ ಬೇರಿಂಗ್‌ಗಳಲ್ಲಿ ಬಹಳಷ್ಟು ಅಲ್ಲಾಡುವುದೇ ಇಲ್ಲ. ಆಕ್ಸಲ್ ಶಾಫ್ಟ್‌ಗಳ ಎರಡೂ ತುದಿಯ ರಬ್ಬರ್ ಬೂಟ್ ಹರಿದು ಸುತ್ತ ಗ್ರೀಸ್ ಎರಚಿದೆಯಾ ನೋಡಿ. ಆ ಬೂಟ್ ಒಳಗೆ ಶಾಫ್ಟ್ ಕೋನದಲ್ಲಿದ್ದರೂ ತಿರುಗಲು ಬಿಡುವ ಸಿ.ವಿ. ಜಾಯಿಂಟ್ ಇರುತ್ತದೆ, ಗ್ರೀಸ್ ಖಾಲಿಯಾದರೆ ಅದೂ ಗರಗರ ಅನ್ನುತ್ತದೆ. ತಿರುಗಿಸಿದಾಗ ಟಕಟಕ ಅನ್ನುವ ಮುಂದಿನ ಚಕ್ರದ ಲಕ್ಷಣವನ್ನು ಇಲ್ಲಿ ಹುಡುಕಬೇಡಿ, ಹಿಂದಿನ ಜಾಯಿಂಟ್‌ಗಳು ಅಷ್ಟು ಕೋನಕ್ಕೆ ತಿರುಗುವುದೇ ಇಲ್ಲ. ಪ್ರೊಪೆಲ್ಲರ್ ಶಾಫ್ಟ್ ಮಧ್ಯದಲ್ಲಿ ಸೆಂಟರ್ ಬೇರಿಂಗ್ ಇದ್ದರೆ ಅದರ ರಬ್ಬರ್ ಸೀಳಿದೆಯಾ ನೋಡಿ.

ಡಿಫರೆನ್ಷಿಯಲ್ ಕೂತಿರುವ ಬುಷ್‌ಗಳನ್ನೂ, ಅಂದರೆ ಅದುರನ್ನು ತಡೆಯುವ ರಬ್ಬರ್ ಮೆತ್ತೆಗಳನ್ನೂ, ಬಿಡಬೇಡಿ. ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರ್ ಅಂದರೆ ಹಿಂದಿನ ಮಾಲೀಕರ ಹುಮ್ಮಸ್ಸೂ ಜೊತೆಗೆ ಬಂದಿರುತ್ತದೆ. ರಬ್ಬರ್ ತೆಗೆದು ಗಟ್ಟಿ ಬುಷ್ ಹಾಕಿಸಿದ್ದರೆ ಡಿಫರೆನ್ಷಿಯಲ್‌ನ ಸಹಜ ಸದ್ದೇ ಕ್ಯಾಬಿನ್‌ಗೆ ಮೈಕ್ ಹಿಡಿದ ಹಾಗೆ ಬರುತ್ತದೆ. ಅದು ರೋಗ ಅಲ್ಲ, ಅವರ ಇಷ್ಟ. ಆದರೆ ನಿಮ್ಮ ಸದ್ದು ನಾಲ್ಕು ತಿಂಗಳಿಂದ ಮಾತ್ರ ಇದೆ. ಹಾಗಾಗಿ ಬುಷ್ ಹರಿದು ಲೋಹಕ್ಕೆ ಲೋಹ ತಾಗುತ್ತಿದೆಯಾ ಅನ್ನುವುದು ನಿಮ್ಮ ಪ್ರಶ್ನೆ.

ಚಕ್ರ ಗಾಳಿಯಲ್ಲಿ ಇಟ್ಟು ಇಂಜಿನ್‌ನಿಂದ ತಿರುಗಿಸಿ ಕೇಳುವ ಪದ್ಧತಿ ಇದೆ. ನನಗೆ ಅದರ ಮೇಲೆ ಅಷ್ಟು ನಂಬಿಕೆ ಇಲ್ಲ. ಸಸ್ಪೆನ್ಷನ್ ಜೋತು ಬಿದ್ದು ಆಕ್ಸಲ್‌ಗಳು ಇಲ್ಲದ ಕೋನಕ್ಕೆ ಹೋಗಿ, ಇಲ್ಲದ ಸದ್ದು ಹುಟ್ಟುತ್ತದೆ. ಭಾರ ಇಲ್ಲದ ಬೇರಿಂಗ್ ಇರುವ ಸದ್ದನ್ನೂ ನುಂಗಿಕೊಳ್ಳುತ್ತದೆ. ಅದಕ್ಕಿಂತ ಚಾಸಿಸ್ ಇಯರ್ ಅನ್ನುವ ಸಾಧನ ಇರುವ ಗ್ಯಾರೇಜ್ ಹುಡುಕಿ. ಕ್ಲಿಪ್‌ಗೆ ಕಟ್ಟಿದ ಪುಟ್ಟ ಮೈಕ್‌ಗಳು ಅವು. ಎಡ ಹಬ್‌ಗೆ ಒಂದು, ಬಲ ಹಬ್‌ಗೆ ಒಂದು, ಡಿಫರೆನ್ಷಿಯಲ್‌ನ ಮೂತಿಗೆ ಒಂದು, ಸೆಂಟರ್ ಬೇರಿಂಗ್‌ಗೆ ಒಂದು ಹಾಕಿ ರಸ್ತೆಯಲ್ಲೇ ಓಡಿಸಿ, ಒಂದೊಂದನ್ನೇ ಹೆಡ್‌ಫೋನ್‌ನಲ್ಲಿ ಕೇಳಬಹುದು. ಕಿವಿ ಸುಳ್ಳು ಹೇಳುತ್ತದೆ ಅಂದೆನಲ್ಲ, ಇದು ಕಿವಿಯನ್ನೇ ಆ ಜಾಗಕ್ಕೆ ಒಯ್ಯುವ ದಾರಿ. ಹತ್ತು ನಿಮಿಷದಲ್ಲಿ ಎಡವೋ ಬಲವೋ ಮಧ್ಯವೋ ಅಂತ ಜಗಳ ತೀರುತ್ತದೆ.

ಈಗ ನಿಮ್ಮ ಗಡಗಡಕ್ಕೆ ಬರೋಣ. ಕಾರ್ ತಿರುಗುವಾಗ ಹೊರ ಚಕ್ರ ಜಾಸ್ತಿ ದೂರ, ಒಳ ಚಕ್ರ ಕಡಿಮೆ ದೂರ ಹೋಗಬೇಕು. ನಿಮ್ಮ ಡಿಫರೆನ್ಷಿಯಲ್ ಒಳಗಿನ ಕ್ಲಚ್ ಪ್ಲೇಟ್‌ಗಳು ಆಗ ಒಂದರ ಮೇಲೊಂದು ಮೆತ್ತಗೆ ಜಾರಬೇಕು. ಅದಕ್ಕೆ ಎಣ್ಣೆಯಲ್ಲಿ ಫ್ರಿಕ್ಷನ್ ಮಾಡಿಫೈಯರ್ ಅನ್ನುವ ಒಂದು ಸೇರ್ಪಡೆ ಬೇಕು. ಅದು ಇಲ್ಲದಿದ್ದರೆ ಪ್ಲೇಟ್‌ಗಳು ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡುತ್ತವೆ. ಅದೇ ಗಡಗಡ. ಎಣ್ಣೆ ಬದಲಿಸಿದ ಮೇಲೆ ಶುರುವಾಯಿತು ಅಂದಿರಲ್ಲ, ಅಲ್ಲೇ ಇದೆ ಉತ್ತರ. ಯಾರೋ ಸಾಮಾನ್ಯ 75ಡಬ್ಲ್ಯು-90 ಗೇರ್ ಎಣ್ಣೆ ಹಾಕಿ, ಲಿಮಿಟೆಡ್ ಸ್ಲಿಪ್‌ಗೆ ಬೇಕಾದ್ದನ್ನು ಸೇರಿಸಲಿಲ್ಲ ಅನ್ನುವುದು ನನ್ನ ಊಹೆ. ಟಾರ್ಸೆನ್ ಥರದ, ಬರೀ ಗೇರ್‌ಗಳಿರುವ ಡಿಫರೆನ್ಷಿಯಲ್‌ಗೆ ಈ ಕಾಟ ಇಲ್ಲ, ಅಲ್ಲಿ ಜಾರಬೇಕಾದ ಕ್ಲಚ್ ಪ್ಲೇಟೇ ಇಲ್ಲ.

ಎಣ್ಣೆ ವಿಷಯದಲ್ಲಿ ಇನ್ನೊಂದು ಮಾತು. ಕ್ರೌನ್-ಪಿನಿಯನ್ ಹಲ್ಲುಗಳು ಬರೀ ಉರುಳುವುದಿಲ್ಲ, ಜಾರುತ್ತಾ ಉಜ್ಜುತ್ತವೆ. ಪಿನಿಯನ್ನನ್ನು ಕ್ರೌನ್‌ನ ನಡುಗೆರೆಗಿಂತ ಕೆಳಗೆ ಇಡುವ ಈ ಹೈಪಾಯ್ಡ್ ಜೋಡಣೆಯನ್ನು ಪ್ಯಾಕಾರ್ಡ್ ಕಾರುಗಳು 1926ರಲ್ಲೇ ತಂದವು. ಶಾಫ್ಟ್ ಕೆಳಗಿಳಿಯುತ್ತದೆ, ಕಾರಿನ ನೆಲವನ್ನೂ ತಗ್ಗಿಸಬಹುದು. ಅದರ ಬೆಲೆ ಈ ಉಜ್ಜಾಟ. ಅದಕ್ಕೇ ಜಿಎಲ್-5 ದರ್ಜೆಯ, ಗಂಧಕದ ವಾಸನೆ ಹೊಡೆಯುವ ಎಣ್ಣೆ ಬೇಕು. ಮಟ್ಟ ಕಡಿಮೆ ಇದ್ದರೆ, ದರ್ಜೆ ತಪ್ಪಿದ್ದರೆ, ಒಂದು ವರ್ಷದಲ್ಲಿ ಹಲ್ಲೂ ಬೇರಿಂಗೂ ಕೂಗಲು ಶುರು ಮಾಡುವುದು ಸಾಧ್ಯ. ಅಂದರೆ ಆ ಹಳೆಯ ಎಣ್ಣೆ ಕೆಲಸ ನಿಮ್ಮ ಎರಡೂ ಸದ್ದಿಗೆ ಮೂಲ ಆಗಿರುವ ಸಣ್ಣ ಸಾಧ್ಯತೆಯನ್ನು ನಾನು ತಳ್ಳಿಹಾಕುವುದಿಲ್ಲ. ಎಣ್ಣೆ ಇಳಿಸಿದರೆ ಅದೂ ಗೊತ್ತಾಗುತ್ತದೆ.

ಇಳಿಸುವ ಮೊದಲು ಮೇಲಿನ ತುಂಬುವ ಪ್ಲಗ್ ಬಿಚ್ಚಿಕೊಳ್ಳಿ. ಕೆಳಗಿನದು ಬಿಚ್ಚಿ ಎಣ್ಣೆಯೆಲ್ಲ ಹರಿದ ಮೇಲೆ ಮೇಲಿನದು ತುಕ್ಕು ಹಿಡಿದು ಜಪ್ಪಯ್ಯ ಅಂದರೂ ಬರದಿದ್ದರೆ ಕಾರ್ ಅಲ್ಲೇ ನಿಂತ ಹಾಗೆ. ಕಾರ್ ಮಟ್ಟಸವಾಗಿ ನಿಂತಿದ್ದಾಗ ಹೆಚ್ಚಿನ ಕಾರುಗಳಲ್ಲಿ ಎಣ್ಣೆ ಆ ತೂತಿನ ಕೆಳ ಅಂಚಿನವರೆಗೆ ಇರಬೇಕು. ಎಷ್ಟು ಕಡಿಮೆ ಇತ್ತು ಅಂತ ಬೆರಳು ಹಾಕಿ ನೋಡಿ ಬರೆದುಕೊಳ್ಳಿ. ಕೆಳಗಿನ ಪ್ಲಗ್‌ನಲ್ಲಿ ಮ್ಯಾಗ್ನೆಟ್ ಇದ್ದರೆ ಅದಕ್ಕೆ ಅಂಟಿದ್ದನ್ನು ಎರಡು ಬೆರಳ ನಡುವೆ ಉಜ್ಜಿ. ಬೂದು ಬಣ್ಣದ ನುಣ್ಣನೆ ಪೇಸ್ಟ್ ಇದ್ದರೆ ಸಹಜ ಸವೆತ, ಗಾಬರಿ ಬೇಡ. ಬೆರಳಿಗೆ ಚುಚ್ಚುವ, ಬೆಳಕಿಗೆ ಮಿನುಗುವ ಚೂರುಗಳಿದ್ದರೆ ಒಳಗೆ ಏನೋ ಒಡೆಯುತ್ತಿದೆ. ಎಣ್ಣೆ ಕಪ್ಪಗಿದ್ದರೆ ಅದಕ್ಕೊಂದೇ ಹೆದರಬೇಡಿ, ಕ್ಲಚ್ ಪ್ಲೇಟ್ ಇರುವ ಕಡೆ ಎಣ್ಣೆ ಕಪ್ಪಾಗುವುದು ಇದ್ದದ್ದೇ.

ಮ್ಯಾನ್ಯುಯಲ್‌ನಲ್ಲಿ ಹೇಳಿದ ಎಣ್ಣೆ, ಹೇಳಿದಷ್ಟೇ ಮಾಡಿಫೈಯರ್ ಹಾಕಿ. ಎಣ್ಣೆಯಲ್ಲೇ ಬೆರೆಸಿ ಬಂದಿದ್ದರೆ ಮತ್ತೆ ಸೇರಿಸಬೇಡಿ, ಜಾಸ್ತಿಯಾದರೆ ಲಿಮಿಟೆಡ್ ಸ್ಲಿಪ್ ಹಿಡಿತವನ್ನೇ ಕಳೆದುಕೊಳ್ಳುತ್ತದೆ. ಆಮೇಲೆ ಖಾಲಿ ಜಾಗದಲ್ಲಿ ನಿಧಾನಕ್ಕೆ ಎಂಟರ ಆಕಾರದಲ್ಲಿ ಹತ್ತು ಹನ್ನೆರಡು ಸುತ್ತು ಓಡಿಸಿ. ಹೊಸ ಎಣ್ಣೆ ಪ್ಲೇಟ್‌ಗಳ ನಡುವೆ ಹೋಗಬೇಕು. ಗಡಗಡ ಅಲ್ಲೇ ಕಡಿಮೆಯಾಗುವುದು ನಿಮಗೇ ಗೊತ್ತಾಗುತ್ತದೆ.

ಡಿಫರೆನ್ಷಿಯಲ್ ಮೂತಿಯ ಆಯಿಲ್ ಸೀಲನ್ನು ಈ ನಡುವೆ ಯಾರಾದರೂ ಬದಲಿಸಿದ್ದಾರಾ ಅಂತಲೂ ವಿಚಾರಿಸಿ. ಪಿನಿಯನ್ ನಟ್ ಒಳಗೆ ಒಂದು ಸ್ಪೇಸರ್ ಇರುತ್ತದೆ, ಬಹಳ ಕಾರುಗಳಲ್ಲಿ ಅದು ಬಿಗಿದಷ್ಟೂ ಕುಸಿಯುವ ಜಾತಿಯದು. ಒಮ್ಮೆ ಕುಸಿದರೆ ಮತ್ತೆ ಏಳುವುದಿಲ್ಲ. ಸೀಲ್ ಹಾಕಿ ನಟ್ಟನ್ನು ಇನ್ನೊಂದು ಕಾಲು ಸುತ್ತು ಜಾಸ್ತಿ ಬಿಗಿದರೆ ಸಾಕು, ಬೇರಿಂಗ್ ಮೇಲೆ ಒತ್ತಡ ಏರಿ, ಕೆಲವು ತಿಂಗಳಲ್ಲಿ ಕೂಗು ಶುರು.

ಇಷ್ಟೆಲ್ಲ ಮಾಡಿದ ಮೇಲೂ ಬೆರಳು ಡಿಫರೆನ್ಷಿಯಲ್ ಕಡೆಗೇ ಹೋದರೆ, ಆಗಲೂ ಇಡೀದು ಬದಲಿಸುವ ಮುಂಚೆ ಹಿಂದಿನ ಮುಚ್ಚಳ ತೆಗೆಸಿ ಹಲ್ಲು ನೋಡಿ. ಬೇರಿಂಗ್ ಮಾತ್ರ ಹೋಗಿದ್ದು ಹಲ್ಲು ಚೆನ್ನಾಗಿದ್ದರೆ ಬೇರಿಂಗ್ ಬದಲಿಸಿ ಮತ್ತೆ ಕೂರಿಸಬಹುದು. ಆದರೆ ಅದು ಎಲ್ಲರ ಕೈಕೆಲಸ ಅಲ್ಲ. ಹಲ್ಲುಗಳ ನಡುವಿನ ಸಡಿಲ ಹೆಚ್ಚಿನ ಕಾರುಗಳಲ್ಲಿ 0.1ರಿಂದ 0.2 ಮಿಲಿಮೀಟರ್ ಆಸುಪಾಸು ಇರಬೇಕು. ಡಯಲ್ ಗೇಜ್ ಇಲ್ಲದೆ ಅಂದಾಜಿನಲ್ಲಿ ಕೂರಿಸುವವರ ಕೈಗೆ ಕೊಡಬೇಡಿ.

ಅಲ್ಲಿಯವರೆಗೆ ಕಾರ್ ಓಡಿಸಬಹುದಾ ಅಂದರೆ, ನಿಧಾನಕ್ಕೆ, ಪರೀಕ್ಷೆಗೆ ಬೇಕಾದಷ್ಟು ಓಡಿಸಿ. ಚಕ್ರದಲ್ಲಿ ಪ್ಲೇ ಕಂಡರೆ, ಒಂದು ಹಬ್ ಮಾತ್ರ ವಿಪರೀತ ಕಾದರೆ, ಟೈರ್‌ನಲ್ಲಿ ತಂತಿ ಕಂಡರೆ, ಅಥವಾ ಗರಗರದ ನಡುವೆ ಕಟಕಟ ಸೇರಿಕೊಂಡರೆ ಅಲ್ಲೇ ನಿಲ್ಲಿಸಿ, ಎಳೆಸಿಕೊಂಡು ಹೋಗಿ.

ನಾನಾಗಿದ್ದರೆ ಈ ಕ್ರಮದಲ್ಲಿ ಹೋಗುತ್ತಿದ್ದೆ: ಮೊದಲು ಟೈರ್‌ನ ಒಳ ಅಂಚು, ಆಮೇಲೆ ಆಕ್ಸಿಲರೇಟರ್ ಪರೀಕ್ಷೆ, ಆಮೇಲೆ ಬಲ ಬೇರಿಂಗ್, ಕೊನೆಗೆ ಎಣ್ಣೆ. ಇವೆಲ್ಲಕ್ಕೂ ಮುಂಚೆ ಒಂದು ಫೋನ್ ಮಾಡಿ. ಬಿಚ್ಚಿದ ಎಡ ಬೇರಿಂಗ್ ಗ್ಯಾರೇಜ್‌ನ ಮೂಲೆಯಲ್ಲಿ ಇನ್ನೂ ಬಿದ್ದಿರಬಹುದು, ಇದ್ದರೆ ಕೇಳಿ ತನ್ನಿ. ಪ್ರೆಸ್‌ನಲ್ಲಿ ಕೀಳುವಾಗ ಎಷ್ಟೋ ಸಲ ಬೇರಿಂಗ್ ಎರಡು ಭಾಗವಾಗಿ ಬಂದಿರುತ್ತದೆ. ಗ್ರೀಸ್ ಒರೆಸಿ, ಬಳೆಗಳ ಒಳಮೈಯನ್ನು ಬಿಸಿಲಿಗೆ ಹಿಡಿದು ಉಗುರಿನಿಂದ ಗೀರಿ ನೋಡಿ. ಕೀಳುವಾಗ ಬಿದ್ದ ಗುಳಿಗಳು ಗುಂಡಿಗೊಂದರಂತೆ ಸಮ ಅಂತರದಲ್ಲಿ ಇರುತ್ತವೆ, ಅವನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ. ಚಕ್ಕೆ ಎದ್ದ ಜಾಗ, ಒರಟು, ನೀಲಿ ಬಣ್ಣ ಇವು ಸಿಕ್ಕರೆ ಅದು ಸಾಯಬೇಕಾದ ಬೇರಿಂಗೇ. ಆಗ ಹೊಸದನ್ನು ಕೂರಿಸಿದ ರೀತಿಯನ್ನು ಮೊದಲು ಅನುಮಾನಿಸಿ. ಮೈ ಪೂರ್ತಿ ನುಣುಪಾಗಿದ್ದರೆ ಎಡಗಡೆ ಮೊದಲಿನಿಂದಲೂ ಏನೂ ಆಗಿರಲಿಲ್ಲ. ಕಾರನ್ನು ಬಲಗಡೆಯಿಂದ ಎತ್ತಲು ಶುರು ಮಾಡಿ.